ಹರಿಗೋಲಿನ ಹೊನ್ನಾಜಿ ಮತ್ತು ಸಿಟ್ಟಿನ ಮಗಳು

ಹೊಳೆಗೆ ಸೇತುವೆ ಕಟ್ಟಬಹುದು ಅಂತ ಯಾರಿಗೂ ಗೊತ್ತಿರದ ಒಂದಾನೊಂದು ಕಾಲದಲ್ಲಿ, ಹೊನ್ನಾಜಿ ಅಂತ ಒಬ್ಬಳಿದ್ಲಂತೆ ಮಗ. ಗಂಡ ತೀರಿಹೋದ ಮೇಲೆ ಅವನ ಹರಿಗೋಲನ್ನ ತಾನೇ ನಡೆಸ್ಕೊಂಡು, ಜನಾನ ಈ ದಡದಿಂದ ಆ ದಡಕ್ಕೆ ದಾಟಿಸ್ತಿದ್ಲಂತೆ. ಅವಳಿಗೆ ಒಬ್ಬಳೇ ಮಗಳು, ಚಿಕ್ಕತಾಯಿ ಅಂತ ಹೆಸರು, ಐದು ವರ್ಷ. ನಗ್ತಾ ಇದ್ರೆ ಎತ್ತಿ ಮುದ್ದಾಡೋ ಹಂಗಿರೋಳು, ಸಿಟ್ಟು ಬಂತೋ ಮುಗೀತು, ಕಚ್ಚೋದು, ಒದೆಯೋದು, ಕೈಗೆ ಸಿಕ್ಕಿದ್ದನ್ನ ಎಸೆಯೋದು. ಆಮೇಲೆ ತಾನೇ ಸುಸ್ತಾಗಿ ಅವ್ವನ ಸೆರಗು ಹಿಡ್ಕೊಂಡು ಬಿಕ್ಕಳಿಸ್ತಿದ್ಲಂತೆ.

ಒಂದಿನ ಅವ್ವನ ಜೊತೆ ಹರಿಗೋಲಲ್ಲಿ ಹೋಗ್ತಾ ನಡುಹೊಳೇಲಿ ರೇಗಿ, ಒಬ್ಬ ಮುದುಕಪ್ಪನ ಕೋಳಿಬುಟ್ಟಿ ಒದ್ದು ನೀರಿಗೆ ಕೆಡವಿಬಿಟ್ಲಂತೆ. ಹರಿಗೋಲು ಗಿರಗಿರ ತಿರುಗಿ, ಜನ ಜೀವ ಕೈಲಿ ಹಿಡ್ಕೊಂಡು ದಡ ಸೇರಿದ್ರಂತೆ. ಆಮೇಲೆ ಊರ ಯಜಮಾನ ಹೊನ್ನಾಜಿನ ಕರೆಸಿ, ಮಗೀನ ನಿಮ್ಮಣ್ಣನ ಮನೇಲಿ ಬಿಟ್ಟುಬಾ, ಇಲ್ಲಾ ಹರಿಗೋಲಿನ ಹುಟ್ಟು ಕೆಳಗಿಡು, ಹುಣ್ಣಿಮೆವರೆಗೂ ನೋಡ್ತೀನಿ ಅಂದ್ನಂತೆ.

ಊರೋರು ಬುದ್ಧಿ ಹೇಳೋಕೆ ಬಂದ್ರು. ಒಬ್ಬಳು ನಾಲ್ಕು ಬಾರಿಸು ಅಂದ್ಲು. ಬಾರಿಸಿದ್ರೆ ಮಗು ಇನ್ನೂ ಜೋರಾಗಿ ಕಚ್ಚಿತು. ಇನ್ನೊಬ್ಬಳು ಕೋಣೇಲಿ ಕೂಡಿಹಾಕು ಅಂದ್ಲು. ಕೂಡಿಹಾಕಿದ್ರೆ ಬಾಗಿಲಿಗೆ ಹಣೆ ಚಚ್ಕೊಂಡು ರಕ್ತ ಮಾಡ್ಕೊಂತು. ಅವತ್ತು ಹೊನ್ನಾಜಿ ಮಗಳನ್ನ ತಬ್ಕೊಂಡು, ನಾನೂ ಸಿಟ್ಟನ್ನೇ ತಾನೆ ಮಾಡಿದ್ದು ಅಂತ ಅತ್ತುಬಿಟ್ಲಂತೆ. ಮೂರನೆಯವಳು ಬೇವಿನ ಸೊಪ್ಪು ಹಿಡ್ಕೊಂಡು ದೆವ್ವ ಬಿಡಿಸ್ತೀನಿ ಅಂತ ಬಂದಾಗ, ಬೇಡ ಕಣಕ್ಕ, ನನ್ ಮಗೀಗೆ ಯಾಕೆ ಹಿಂಗಾಗುತ್ತೆ ಅಂತ ನಾನೇ ನೋಡ್ತೀನಿ ಅಂದ್ಲಂತೆ.

ನೋಡಿದ್ಲು. ಆಡ್ತಾ ಇದ್ದಾಗ ದಿಢೀರಂತ ಎತ್ಕೊಂಡ್ರೆ ರೇಗುತ್ತೆ. ಹಸಿದಾಗ ರೇಗುತ್ತೆ. ರೇಗೋ ಮುಂಚೆ ಕಿವಿ ಕೆಂಪಾಗುತ್ತೆ. ಅವತ್ತಿಂದ, ಇನ್ನೆರಡು ಸಲ ದಾಟಿಸಿ ಬರ್ತೀನಿ, ಆಮೇಲೆ ಮನೆಗೆ ಅಂತ ಮೊದಲೇ ಹೇಳೋಳು, ಮಡಿಲಲ್ಲಿ ರೊಟ್ಟಿ ಚೂರು ಇಟ್ಕೊಂಡೇ ಇರೋಳು. ಕಿವಿ ಕೆಂಪಾಯ್ತು ಅಂದ್ರೆ, ಸಿಟ್ಟು ಬತ್ತಾ ಐತಾ ಮಗ ಅಂತ ಕೇಳೋಳು. ಸಿಟ್ಟು ಬಂದೇಬಿಟ್ರೆ ಬೈಯದೆ, ಕಲ್ಲು ಕಟ್ಟಿಗೆನೆಲ್ಲ ಅತ್ಲಾಗೆ ತಳ್ಳಿ ಪಕ್ಕದಲ್ಲಿ ಕೂತು, ಇಲ್ಲೇ ಇದೀನಿ ಮಗ ಅನ್ನೋಳು. ಒಂದಿನ ಚೆನ್ನಾಗಿದ್ರೆ ಮೂರು ದಿನ ರಂಪ. ತೋಳು ತುಂಬಾ ಹಲ್ಲಿನ ಗುರುತು. ಆದ್ರೂ ಬಿಡಲಿಲ್ಲವಲ್ಲ, ಎಂಥಾ ಗಟ್ಟಿಗಿತ್ತಿ ನೋಡು!

ಹುಣ್ಣಿಮೆ ದಿನ ಬೆಳಿಗ್ಗೆ ಯಜಮಾನ ತಾನೇ ಹರಿಗೋಲು ಹತ್ತಿದ್ನಂತೆ. ನಡುಹೊಳೇಲಿ ಮಗು ನೀರಲ್ಲಿ ಕೈ ಆಡಿಸ್ತಿತ್ತು, ಅವನು ಗದರಿಸಿ ಕೈ ಎಳೆದುಬಿಟ್ಟ. ಕಿವಿ ಕೆಂಪಾಯ್ತು. ಜನ ಅಂಚು ಹಿಡ್ಕೊಂಡ್ರು. ಸೆಳವು ಜೋರಾಗಿತ್ತು, ಹೊನ್ನಾಜಿ ಹುಟ್ಟು ಬಿಡೋ ಹಂಗಿಲ್ಲ. ಅಷ್ಟರಲ್ಲಿ ಮಗು ಕೂಗ್ತಂತೆ, ಅವ್ವಾ, ಬತ್ತಾ ಐತೆ, ಸಿಟ್ಟು ಬತ್ತಾ ಐತೆ!

ಬರ್ಲಿ ಮಗ, ಹೆದರ್ಕೋಬೇಡ, ನನ್ ಕಾಲು ಗಟ್ಟಿ ತಬ್ಕೋ ಅಂದ್ಲಂತೆ ಹೊನ್ನಾಜಿ.

ಮಗು ತೆವಳ್ಕೊಂಡು ಬಂದು ತಬ್ಕೊಂತು. ಗಡಗಡ ನಡುಗ್ತು, ಹಲ್ಲು ಕಚ್ಕೊಂಡು ಅತ್ತಿತು, ಆದ್ರೆ ಯಾರನ್ನೂ ಒದೀಲಿಲ್ಲ. ಹರಿಗೋಲು ನೆಟ್ಟಗೆ ದಡ ಮುಟ್ಟಿತು.

ಯಜಮಾನ ದಡಕ್ಕೆ ಇಳಿದು ಹೊನ್ನಾಜಿ ಕಡೆ ತಿರುಗಿದ್ನಂತೆ. ಆಮೇಲೆ, ಹೊನ್ನಾಜಿ, ನನಗೆ ಅರವತ್ತಾಯ್ತು, ಸಿಟ್ಟು ಬರ್ತಾ ಇದೆ ಅಂತ ಮುಂಚೆ ಹೇಳೋದು ನನಗಿನ್ನೂ ಬಂದಿಲ್ಲ ಕಣವ್ವ, ಹುಟ್ಟು ನಿನ್ನ ಕೈಲೇ ಇರ್ಲಿ ಅಂದ್ನಂತೆ.

ಸಿಟ್ಟು ಹೋಯ್ತಾ ಅಂತೀಯಾ? ಇಲ್ಲಪ್ಪ, ಬರ್ತಿತ್ತಂತೆ, ಬಂದು ಹೋಗ್ತಿತ್ತಂತೆ. ಅವ್ವ ಮಗಳು ಇಬ್ಬರೂ ಹೊಳೆ ದಾಟಿಸ್ತಾ, ಉಂಡು ನಗ್ತಾ ಸುಖವಾಗಿದ್ರಂತೆ. ಅಲ್ಲಿಗೆ ಅವರ ಕತೆ ದಡ ಸೇರ್ತು, ನೀನು ಕಣ್ಣು ಮುಚ್ಕೋ ಬಂಗಾರ.