ಒಲೆ ಒಂದೇ, ಗಡಿಗೆ ಎರಡು

ನೇಕಾರರ ಊರೊಂದರಲ್ಲಿ ಮುರಿಗೆಪ್ಪ ಎಂಬ ಅಡುಗೆಯವನಿದ್ದ. ಮದುವೆ, ಸೀಮಂತ, ಗೃಹಪ್ರವೇಶ, ಏನೇ ಇದ್ದರೂ ಸುತ್ತಲಿನ ಹಳ್ಳಿಯವರು ಅವನನ್ನೇ ಕರೆಯುತ್ತಿದ್ದರು. ಅವನ ಜಿಲೇಬಿ ಪಂಕ್ತಿಗೆ ಬಂದರೆ ಮುನಿಸಿಕೊಂಡ ಬೀಗರೂ ಮುನಿಸು ಬದಿಗಿಟ್ಟು ಕೈ ಚಾಚುತ್ತಿದ್ದರು.

ಅವನ ಹೆಂಡತಿ ಕಾಶವ್ವ ನೇಕಾರಳು. ಅವರ ನಡುಮನೆಯಲ್ಲಿ ಅವಳ ಕುಣಿಮಗ್ಗ ಇತ್ತು. ನೆಲದಲ್ಲಿ ಕುಣಿ ತೋಡಿ, ಅದರೊಳಗೆ ಕಾಲು ಇಳಿಬಿಟ್ಟು ಕೂತು, ಕಾಲಡಿಯ ಹಲಗೆಗಳನ್ನು ತುಳಿಯುತ್ತ ನೇಯುವ ಮಗ್ಗ ಅದು. ಕೈಯಷ್ಟೇ ಕೆಲಸ ಕಾಲಿಗೂ ಇರುತ್ತದೆ. ಕಾಶವ್ವ ಅದನ್ನು ತವರಿನಲ್ಲಿ ಅವ್ವನ ಮಗ್ಗುಲಲ್ಲಿ ಕೂತು ಕಲಿತವಳು. ಅವಳು ನೇಯ್ದ ಖಣದ ಬಟ್ಟೆಯಲ್ಲಿ ಕುಪ್ಪಸ ಹೊಲಿಸಿಕೊಳ್ಳದ ಮದುಮಗಳು ಆ ಸೀಮೆಯಲ್ಲಿ ಅಪರೂಪ. ಮಗ್ಗದ ಮೇಲೆ ಕೂತಾಗ ಅವಳಿಗೆ ಜಗತ್ತೇ ಬೇಡವಾಗುತ್ತಿತ್ತು.

ಊಟ ಬಲ್ಲವನಿಗೆ ರೋಗವಿಲ್ಲ ಎಂದು ಹಿರಿಯರು ಹೇಳಿದ್ದಾರೆ. ಅಡುಗೆ ಬಲ್ಲವನ ವಿಷಯ ಅವರು ಎತ್ತಲೇ ಇಲ್ಲ, ಜಾಣರು. ಮುರಿಗೆಪ್ಪನ ಪ್ರಕಾರ ಹೊಟ್ಟೆ ಎಂದರೆ ಚೀಲ. ರುಚಿ ಇದ್ದದ್ದನ್ನು ತುಂಬಬೇಕು, ಚೀಲದ ಬಾಯಿ ಕಟ್ಟಬೇಕು, ಮಲಗಬೇಕು. ಯಾವುದು ಮೈಗೆ ಒಳ್ಳೆಯದು, ಯಾವುದು ಕೆಟ್ಟದ್ದು ಎಂಬ ಮಾತು ಬಂದರೆ ಅವನು ಆಕಳಿಸುತ್ತಿದ್ದ.

ಮಿಕ್ಕ ಅಡುಗೆಯಲ್ಲಿ ಒಂದು ಬುಟ್ಟಿ ತುಂಬಿ ಅಡುಗೆಯವನ ಮನೆಗೆ ಕಳಿಸುವುದು ಆ ಕಡೆಯ ವಾಡಿಕೆ. ಹೀಗಾಗಿ ಲಾಡು, ಹೋಳಿಗೆ, ಭಜಿ, ತುಪ್ಪ ಸುರಿದ ಅನ್ನ ಕಾಶವ್ವನ ಮನೆಗೆ ದಿನಾ ಬರುತ್ತಿದ್ದವು.

"ಮನಿಗೆ ಇಷ್ಟು ಬರ್ತೈತಿ, ಮತ್ತ ಒಲಿ ಯಾಕ ಹಚ್ಚತಿ? ಉಣ್ಣು. ಅನ್ನ ಚೆಲ್ಲಿದ್ರ ಪಾಪ," ಎನ್ನುತ್ತಿದ್ದ ಮುರಿಗೆಪ್ಪ.

ಅನ್ನ ಚೆಲ್ಲಬಾರದು ಎಂದು ಕಾಶವ್ವನಿಗೂ ಚಿಕ್ಕಂದಿನಿಂದ ಕಲಿಸಿದ್ದರು. ಅವಳು ಉಂಡಳು. ಬೆಳಿಗ್ಗೆ ಉಂಡಳು, ಮಧ್ಯಾಹ್ನ ಉಂಡಳು. ಹೊಟ್ಟೆ ಬೇಡವೆಂದರೂ ಉಳಿದದ್ದನ್ನು ಮುಗಿಸಲೆಂದೇ ಉಂಡಳು. ಹೀಗೆ ವರ್ಷಗಳು ಕಳೆದವು.

ತಲೆಗೆ ಹಾಕಿದ ನೀರು ಕಾಲಿಗೆ ಇಳಿಯಲೇಬೇಕು. ನಾಲಿಗೆಗೆ ಹಾಕಿದ ಸಕ್ಕರೆಯೂ ಇಳಿಯಿತು. ಒಂದು ಬೇಸಿಗೆಯಲ್ಲಿ ಮಗ್ಗದ ಹಲಗೆಯ ಸಿಬಿರು ಅವಳ ಹೆಬ್ಬೆರಳಿಗೆ ಚುಚ್ಚಿತು. ಸಣ್ಣ ಗಾಯ. ಅರಿಸಿನ ಹಚ್ಚಿದಳು. ಮಾಯಲಿಲ್ಲ. ಎಣ್ಣೆ ಹಚ್ಚಿದಳು, ಮಾಯಲಿಲ್ಲ. ಬೆರಳು ಊದಿ ಕಪ್ಪಾಗತೊಡಗಿದಾಗ ಆಸ್ಪತ್ರೆಗೆ ಹೋದಳು.

ಅಲ್ಲಿನ ಡಾಕ್ಟರಬಾಯಿ ರಕ್ತ ಪರೀಕ್ಷೆ ಮಾಡಿಸಿ ಹೇಳಿದರು: "ಕಾಶವ್ವ, ಮೈಯಾಗ ಸಕ್ಕರಿ ಏರೇತಿ. ನಾ ಗುಳಗಿ ಕೊಡ್ತೀನಿ, ಗಾಯ ತೊಳದು ಕಟ್ಟತೀನಿ. ಆದ್ರ ನನ್ನ ಗುಳಗಿ ಒಂದು ಕಡೆ ಎಳದ್ರ ನಿಮ್ಮ ಲಾಡು ಇನ್ನೊಂದು ಕಡೆ ಎಳೀತಾವ. ಊಟ ಬದಲು ಮಾಡ್ರಿ. ಇಲ್ಲಂದ್ರ ಬೆರಳು ತಗೀಬೇಕಾಗ್ತೈತಿ. ಬೆರಳಿಗೆ ನಿಂತ್ರ ಪುಣ್ಯ. ಗಾಯ ಮಾಯೂತನ ಮಗ್ಗಕ್ಕ ಇಳೀಬ್ಯಾಡ್ರಿ."

ಕಾಲು ಹೋದರೆ ಮಗ್ಗ ಹೋಯಿತು. ಮಗ್ಗ ಹೋದರೆ ಅವಳು ಯಾರು?

ಮನೆಗೆ ಬಂದವಳೇ ಗಂಡನಿಗೆ ಎಲ್ಲ ಹೇಳಿದಳು. ಮುರಿಗೆಪ್ಪ ಕೆಟ್ಟವನಲ್ಲ. ಅವನಿಗೂ ಕಣ್ಣಲ್ಲಿ ನೀರು ಬಂತು. ಆದರೆ ಅವನಿಗೆ ಹೊಳೆದ ಉಪಾಯ ನೋಡಿ.

"ಅದಕ್ಕ ಇಷ್ಟ್ಯಾಕ ಚಿಂತಿ? ಮಗ್ಗ ಬಿಟ್ಟುಬಿಡು. ಕುಣಿ ಮುಚ್ಚಿಸಿಬಿಡ್ತೀನಿ. ಅಲ್ಲೇ ನನ್ನ ದೊಡ್ಡ ಹಂಡೆ, ಕಡಾಯಿ ಇಡಾಕ ಜಾಗ ಆಗ್ತೈತಿ. ನೀ ಆರಾಮ ಕೂತು ಉಣ್ಣು."

ಕಾಲು ಕೆಡಿಸಿದ್ದು ಬುಟ್ಟಿ. ಮುಚ್ಚಬೇಕಾದದ್ದು ಕುಣಿಯಂತೆ. ಎಮ್ಮೆಗೆ ಜ್ವರ ಬಂದರೆ ಎತ್ತಿಗೆ ಬರೆ ಎಳೆದರು ಎಂಬ ಗಾದೆ ಸುಮ್ಮನೆ ಹುಟ್ಟಲಿಲ್ಲ.

"ದೀಪಾವಳಿತನ ತಡೀರಿ," ಎಂದಳು ಕಾಶವ್ವ. "ಅಷ್ಟ್ರಾಗ ಗಾಯ ಮಾಯದಿದ್ರ ನೀವ ಮುಚ್ಚಸ್ರಿ. ನಾ ತಕರಾರು ಮಾಡೂದಿಲ್ಲ."

ಮುರಿಗೆಪ್ಪ ಒಪ್ಪಿದ. ದೀಪಾವಳಿ ಕಳೆದು ತುಳಸಿ ಲಗ್ನ ಮುಗಿದರೆ ಮದುವೆಗಳು ಶುರು. ಹಂಡೆಗಳಿಗೆ ಆಗಲೇ ಜಾಗ ಬೇಕಾಗುವುದು.

ಮರುದಿನವೇ ಕಾಶವ್ವ ಜೋಳದ ರೊಟ್ಟಿ ಬಡಿದಳು. ಹೆಸರುಕಾಳಿನ ಪಲ್ಯ ಮಾಡಿದಳು. ಮೆಂತ್ಯ ಸೊಪ್ಪು, ಸೌತೆಕಾಯಿ ಹೆಚ್ಚಿಟ್ಟಳು. ಇಬ್ಬರ ತಟ್ಟೆಗೂ ಬಡಿಸಿದಳು. ಮುರಿಗೆಪ್ಪ ಸೊಪ್ಪನ್ನು ಎತ್ತಿ ನೋಡಿ ನಕ್ಕ.

"ಇದೇನ ಆಡಿನ ಮೇವು? ಸಾವಿರ ಮಂದಿಗೆ ಉಣಿಸಿದ ಕೈ ನಂದು. ನನಗ ಇದನ್ನ ಹಾಕತಿ?"

ತಟ್ಟೆ ಸರಿಸಿ ಎದ್ದು ಹೋದ. ನಾಲ್ಕು ದಿನ ಹೀಗೇ ನಡೆಯಿತು. ಐದನೆಯ ದಿನ ಕಾಶವ್ವ ಒಲೆಯ ಮುಂದೆ ಕೂತು ಯೋಚಿಸಿದಳು. ಅವರು ತಿನ್ನುವುದಿಲ್ಲ. ನನ್ನೊಬ್ಬಳಿಗಾಗಿ ಇಷ್ಟೆಲ್ಲ ಮಾಡಿಕೊಳ್ಳಬೇಕೇ? ಒಬ್ಬಳಿಗಾಗಿ ರೊಟ್ಟಿ ಬಡಿಯುವುದು ಅವಳಿಗೆ ನಾಚಿಕೆಯ ಕೆಲಸವಾಗಿ ಕಂಡಿತು. ಒಲೆ ಆರಿಸಿದಳು, ಬುಟ್ಟಿಗೆ ಕೈ ಹಾಕಿದಳು.

ಈ ಮಾತು ಓದುತ್ತಿರುವ ಎಷ್ಟೋ ತಾಯಂದಿರು ಈಗ ತಲೆ ತಗ್ಗಿಸಿರಬಹುದು. ಗಂಡನಿಗೆ, ಮಕ್ಕಳಿಗೆ, ಬಂದ ನೆಂಟರಿಗೆ ಹೊತ್ತುರಿಯುವ ಒಲೆ ತನ್ನೊಬ್ಬಳಿಗೆ ಮಾತ್ರ ಹೊತ್ತುವುದಿಲ್ಲ. ಇದನ್ನು ತ್ಯಾಗ ಎಂದು ಹೊಗಳುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಮುಂದಿನ ಸಲ ಕಟ್ಟು ಬಿಚ್ಚಿದಾಗ ಗಾಯ ಇನ್ನೂ ಹರಡಿತ್ತು. ಊಟ ಬದಲು ಮಾಡಿದಿರಾ ಎಂದು ಡಾಕ್ಟರಬಾಯಿ ಕೇಳಿದರು. ಕಾಶವ್ವ ಮೆಲ್ಲಗೆ ಹೇಳಿದಳು: "ನಮ್ಮ ಮನಿಯವರಿಗೆ ಇಂಥಾದ್ದು ಸೇರೂದಿಲ್ಲರಿ. ನನ್ನೊಬ್ಬಾಕಿಗೆ ಅಂತ ಹೆಂಗ ಮಾಡ್ಕೊಳ್ಳಲಿ?"

"ಮನ್ಯಾಗ ಎಮ್ಮಿ ಐತೇನು?"

"ಐತ್ರಿ."

"ನಿಮ್ಮ ಮನಿಯವರು ಹುಲ್ಲು ತಿನ್ನತಾರೇನು?"

"ಇಲ್ಲರಿ."

"ಹಂಗಾರ ಗಂಡ ತಿನ್ನೂದಿಲ್ಲಂತ ಎಮ್ಮಿಗೂ ಹುಲ್ಲು ಹಾಕೂದಿಲ್ಲೇನು?"

ಕಾಶವ್ವನಿಗೆ ಮೊದಲು ನಗು ಬಂತು. ಆಮೇಲೆ ಅಳು ಬಂತು. ಎಮ್ಮೆಗೆ ಬೇರೆ ಮೇವು ಕೊಡುವುದು ತನಗೆ ಎಂದೂ ನಾಚಿಕೆ ಅನ್ನಿಸಿರಲಿಲ್ಲ. ತನ್ನ ಪಾಲಿಗೆ ತಾನು ಆ ಎಮ್ಮೆಗಿಂತ ಕಡೆಯಾಗಿದ್ದಳು. ಆ ಮಾತು ಅವಳಿಗೆ ಚೆನ್ನಾಗಿ ನಾಟಿತು.

ಅಂದಿನಿಂದ ಅವಳು ಗಂಡನನ್ನು ತಿದ್ದುವ ಕೆಲಸ ಬಿಟ್ಟಳು. ಅವನಿಗೆ ಬೇಕಾದ ತುಪ್ಪದ ಅನ್ನ ಒಂದು ಗಡಿಗೆಯಲ್ಲಿ. ತನಗೆ ಬೇಕಾದ ಕಾಳು, ಸೊಪ್ಪು ಇನ್ನೊಂದು ಗಡಿಗೆಯಲ್ಲಿ. ಒಂದು ರೊಟ್ಟಿ, ತಟ್ಟೆ ತುಂಬ ಪಲ್ಯ, ಒಂದು ಬಟ್ಟಲು ಮಜ್ಜಿಗೆ, ಹೊತ್ತಿಗೆ ಸರಿಯಾಗಿ ಗುಳಿಗೆ. ಗಂಡನ ತಟ್ಟೆಯ ಬಗ್ಗೆ ಅವಳು ಒಂದು ಮಾತೂ ಆಡಲಿಲ್ಲ. ತನ್ನ ತಟ್ಟೆಯ ಬಗ್ಗೆ ಅವನು ಆಡಿದ ಮಾತನ್ನೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಸಂಜೆ ಬುಟ್ಟಿ ಬಂತು. ಮುರಿಗೆಪ್ಪ ಎಂದಿನಂತೆ, "ಚೆಲ್ಲಿದ್ರ ಪಾಪ," ಎಂದ.

"ಖರೇನರಿ," ಎಂದಳು ಕಾಶವ್ವ. "ತಿಪ್ಪಿಗೆ ಚೆಲ್ಲಿದ್ರೂ ಪಾಪ, ಬ್ಯಾಡಂದ ಹೊಟ್ಟಿಗೆ ಚೆಲ್ಲಿದ್ರೂ ಪಾಪ. ಸಂತಿ ಕಟ್ಟಿ ಮ್ಯಾಲೆ ಹಮಾಲರು ಹಸಕೊಂಡು ಕೂತಿರತಾರ. ಅಲ್ಲಿ ಕೊಟ್ಟು ಬರ್ರಿ. ಅನ್ನಕ್ಕೂ ಮರ್ಯಾದಿ, ನಿಮಗೂ ಹೆಸರು."

ಮುರಿಗೆಪ್ಪ ಗೊಣಗುತ್ತ ಬುಟ್ಟಿ ಎತ್ತಿಕೊಂಡು ಹೋದ.

ಆದರೆ ಊರಿನ ಬಾಯಿಗೆ ಬೀಗ ಹಾಕುವವರು ಯಾರು? ಒಲೆ ಬೇರೆಯಾದರೆ ಮನೆ ಒಡೆಯಿತು ಎಂದೇ ಆ ಕಡೆ ಅರ್ಥ. ಪಕ್ಕದ ಮನೆಯ ಗುರುಬಸವ್ವ ಬಾಗಿಲಿಗೇ ಬಂದು ಕೇಳಿದಳು: "ಏನವಾ ಕಾಶವ್ವ, ಗಂಡನ ಜೋಡಿ ಒಲಿ ಬ್ಯಾರೆ ಮಾಡೀಯಂತ?"

"ಒಲಿ ಒಂದ ಐತಕ್ಕಾ. ಗಡಿಗಿ ಎರಡದಾವ. ಬಂದು ನೋಡು ಬಾ."

ಗುರುಬಸವ್ವ ನಿಜಕ್ಕೂ ಒಳಗೆ ಬಂದು ನೋಡಿ ಹೋದಳು. ಆದರೆ ಸುದ್ದಿ ಅಷ್ಟರಲ್ಲಿ ಹಳ್ಳಿ ಹಳ್ಳಿ ದಾಟಿತ್ತು. ಒಂದು ಸೀಮಂತದ ಮನೆಯಲ್ಲಿ ಯಜಮಾನ ಮುರಿಗೆಪ್ಪನನ್ನು ಎಲ್ಲರೆದುರು ಚುಡಾಯಿಸಿದ: "ನಿನ್ನ ಹೆಂಡ್ತೀನ ನಿನ್ನ ಅಡಿಗಿ ಮುಟ್ಟೂದಿಲ್ಲಂತಲ್ಲೋ. ನಮಗ ಹೆಂಗ ಬಡಸ್ತಿ?"

ಮುರಿಗೆಪ್ಪನಿಗೆ ಅವಮಾನವಾಯಿತು. ಮನೆಗೆ ಬಂದವನೇ ಕಣಕ ನಾದಿದ, ಹೂರಣ ರುಬ್ಬಿದ. ಇದು ಬುಟ್ಟಿಯಲ್ಲಿ ಬಂದ ಮಿಕ್ಕದ್ದಲ್ಲ. ಹೆಂಡತಿಗಾಗಿಯೇ, ತನ್ನ ಕೈಯಾರೆ ಬೇಯಿಸಿದ ಹೋಳಿಗೆ. ಮನೆಯೆಲ್ಲ ಏಲಕ್ಕಿಯ ಘಮ ತುಂಬಿತು. ತುಪ್ಪ ಸುರಿದು ಅವಳ ಮುಂದೆ ಇಟ್ಟ.

"ಬ್ಯಾರೆಯವರ ಮನೀದು ಬ್ಯಾಡಂದಿ, ಬಿಟ್ಟೆ. ಇದು ನಿನಗಂತ ಮಾಡೀನಿ. ಇದನ್ನೂ ಒಲ್ಲೆ ಅಂದ್ರ ನನ್ನನ್ನ ಒಲ್ಲೆ ಅಂದಂಗ."

ಕಾಶವ್ವನಿಗೆ ಇದಕ್ಕಿಂತ ಕಠಿಣ ಪರೀಕ್ಷೆ ಬಂದಿರಲಿಲ್ಲ. ಬುಟ್ಟಿಯನ್ನು ದೂರ ಇಡುವುದು ಸುಲಭವಿತ್ತು, ಪ್ರೀತಿಯನ್ನು ದೂರ ಇಡುವುದು ಹೇಗೆ? ಅವಳಿಗೆ ಬಾಯಲ್ಲಿ ನೀರೂರಿತು, ಕಣ್ಣಲ್ಲೂ ನೀರೂರಿತು. ಹೋಳಿಗೆಯ ಅಂಚಿನಿಂದ ಒಂದು ಚೂರು ಮುರಿದಳು. ಕಣ್ಣಿಗೊತ್ತಿಕೊಂಡು ಬಾಯಿಗಿಟ್ಟುಕೊಂಡಳು. ಉಳಿದದ್ದನ್ನು ಗಂಡನ ಕಡೆಗೆ ಸರಿಸಿದಳು.

"ಇಂಥಾ ಹೋಳಿಗಿ ಊರಾಗ ಯಾರೂ ಮಾಡೂದಿಲ್ಲ. ಯಾರರ ಕೇಳಿದ್ರ ನಾನ ಹೇಳ್ತೀನಿ. ನಿಮ್ಮನ್ನ ಒಲ್ಲೆ ಅಂದಿಲ್ಲ. ಎರಡು ಕಾಲಿನ ಮ್ಯಾಲೆ ನಿಮ್ಮ ಜೋಡಿ ಇನ್ನೂ ಬಾಳ ದಿನ ನಡೀಬೇಕಂತ ಐತಿ, ಅದಕ್ಕ ಇದನ್ನ ಒಲ್ಲೆ."

ಮುರಿಗೆಪ್ಪ ಆ ಹೋಳಿಗೆಯನ್ನು ತನ್ನ ಕಡೆ ಎಳೆದುಕೊಂಡು ತಾನೇ ತಿಂದ. ಅಂದು ಅದು ಅವನಿಗೆ ಅಷ್ಟಾಗಿ ರುಚಿಸಲಿಲ್ಲ.

ಶ್ರಾವಣ ಕಳೆಯಿತು, ದಸರೆ ಕಳೆಯಿತು. ಗಾಯದ ಕೀವು ನಿಂತಿತು. ಊತ ಇಳಿಯಿತು. ಅಂಚಿನಿಂದ ಹೊಸ ಚರ್ಮ ಒಳಗೆ ಸರಿಯಿತು. ದೀಪಾವಳಿ ಇನ್ನೇನು ಬಂತೆನ್ನುವಾಗ ಡಾಕ್ಟರಬಾಯಿ ಕಟ್ಟು ಬಿಚ್ಚಿ, ಬೆರಳು ಒತ್ತಿ ನೋಡಿ, ಮತ್ತೆ ಕಟ್ಟಲಿಲ್ಲ.

"ಗುಳಗಿ ಬಿಡಬ್ಯಾಡ್ರಿ, ಊಟ ಕೆಡಿಸಬ್ಯಾಡ್ರಿ. ದಿನಾ ಕಾಲು ನೋಡಕೋರಿ. ಇನ್ನ ಮಗ್ಗಕ್ಕ ಇಳೀರಿ," ಎಂದರು.

ಮುರಿಗೆಪ್ಪ ಆಗ ದೂರದ ಊರಿನಲ್ಲಿ ಗೃಹಪ್ರವೇಶದ ಅಡುಗೆಗೆ ಹೋಗಿದ್ದ. ಹಿಂದಿರುಗುವಾಗ ದೀಪಾವಳಿಯ ಮಾತು ನೆನಪಾಗಿ, ಹೊಲವೊಂದರಿಂದ ಒಂದು ಚಕ್ಕಡಿ ಗಾಡಿ ಮಣ್ಣು ಹೇರಿಸಿಕೊಂಡೇ ಬಂದ. ಕಟ್ಟಿನೊಳಗೆ ಒಮ್ಮೆಯೂ ನೋಡದ ಅವನಿಗೆ ಗಾಯ ಮಾದಿರಲಿಕ್ಕಿಲ್ಲ ಎಂದು ಒಳಗೊಳಗೇ ಖಾತ್ರಿಯಿತ್ತು.

ಆ ಓಣಿಯ ಮನೆಮನೆಯಲ್ಲೂ ಮಗ್ಗದ ಸದ್ದು. ಬೇಸಿಗೆಯಿಂದ ಅವನ ಮನೆಯೊಂದೇ ಮೂಕವಾಗಿತ್ತು. ಚಕ್ಕಡಿ ಬಾಗಿಲಿಗೆ ಬಂದು ನಿಂತಾಗ ಒಳಗಿನಿಂದ ಸದ್ದು ಕೇಳಿಸಿತು. ಲಾಳಿ ಆ ಕಡೆ ಓಡಿತು, ಈ ಕಡೆ ಓಡಿತು, ಹಲಗೆ ತುಳಿದ ಸದ್ದು ತಪ್ಪದೆ ಬಂತು. ಮುರಿಗೆಪ್ಪ ಚಪ್ಪಲಿ ಬಿಡುವುದನ್ನೂ ಮರೆತು ಒಳಗೆ ಹೋದ.

ಕಾಶವ್ವ ಮಗ್ಗದ ಮೇಲಿಂದ ಏಳಲಿಲ್ಲ. ತುಳಿಯುತ್ತಲೇ ಕೇಳಿದಳು: "ಬಾಗಲದಾಗ ಚಕ್ಕಡಿ ಯಾತಕ್ಕ ನಿಂತೈತ್ರಿ?"

"ಮಣ್ಣು ತಂದೀನಿ. ಕುಣಿ ಮುಚ್ಚಾಕ."

"ಹೆಂಗ ಮುಚ್ಚತೀರಿ? ಕುಣ್ಯಾಗ ನಾ ಅದೀನಿ."

ಬಾಗಿಲಲ್ಲಿ ನಿಂತಿದ್ದ ಚಕ್ಕಡಿಯವನು ಗಹಗಹಿಸಿ ನಕ್ಕ. ಮುರಿಗೆಪ್ಪ ನಗಲಿಲ್ಲ. ಕುಣಿಯ ಅಂಚಿಗೆ ಕೂತು, ಬಗ್ಗಿ, ಹೆಂಡತಿಯ ಪಾದವನ್ನು ಕೈಗೆ ತೆಗೆದುಕೊಂಡ. ಹೆಬ್ಬೆರಳ ಮೇಲೆ ಎಳೆಯ ಚರ್ಮ ಕೂಡಿಕೊಂಡಿತ್ತು. ಅವನು ಅತ್ತ. ಸಾವಿರ ಮಂದಿಗೆ ಉಣಿಸಿದೆ ಎಂದು ಮೆರೆದವನಿಗೆ ಮನೆಯ ಒಬ್ಬಳ ಹೊಟ್ಟೆಗೆ ಏನು ಬೇಕೆಂದು ತಿಳಿಯದೇ ಹೋಯಿತಲ್ಲ ಎಂದು ಅತ್ತ. ಕಾಶವ್ವನಿಗೆ ಮಾತ್ರ ಅಂದು ಅಳು ಬರಲಿಲ್ಲ. ಗೆದ್ದ ಸಂತೋಷ ಅವಳ ಮುಖದಲ್ಲಿ ಬಚ್ಚಿಡಲಾಗದಷ್ಟಿತ್ತು.

ತಂದ ಮಣ್ಣನ್ನು ಹಿತ್ತಲಿಗೆ ಸುರಿಸಿದರು. ಅದರಲ್ಲಿ ಕಾಶವ್ವ ಮೆಂತ್ಯ, ರಾಜಗಿರಿ, ಪಾಲಕ ಹಾಕಿದಳು.

ಮುರಿಗೆಪ್ಪ ಪೂರ್ತಿ ಬದಲಾದನೇ ಎಂದು ಕೇಳುತ್ತೀರಿ. ಇಲ್ಲ. ಲಾಡು ಕಂಡರೆ ಅವನ ಕೈ ಇಂದಿಗೂ ನಿಲ್ಲುವುದಿಲ್ಲ. ಆದರೆ ಅವನೊಳಗಿನ ಅಡುಗೆಯವನು ಸುಮ್ಮನಿರಲಾರ. ಒಂದು ದಿನ ಹೆಂಡತಿಯ ಗಡಿಗೆಯಿಂದ ಒಂದು ಚಮಚ ಬಾಯಿಗೆ ಹಾಕಿಕೊಂಡು, "ಹೆಸರುಕಾಳು ಹಿಂಗ ಬೇಯಸ್ತಾರೇನು? ಸರಿ ಆ ಕಡೆ," ಎಂದು ಬೆಳ್ಳುಳ್ಳಿ ಜಜ್ಜಿ ಒಗ್ಗರಣೆ ಹಾಕಿದ. ಅಂದಿನಿಂದ ಅವನು ಮನೆಯಲ್ಲಿದ್ದ ದಿನ ಆ ಗಡಿಗೆ ಅವನದೇ. ರುಚಿ ನೋಡುವ ನೆಪದಲ್ಲಿ ಅರ್ಧ ಬಟ್ಟಲು ಅವನ ಹೊಟ್ಟೆಗೂ ಹೋಗುತ್ತಿತ್ತು. ಕಾಶವ್ವ ಕಂಡೂ ಕಾಣದಂತೆ ಇರುತ್ತಿದ್ದಳು.

ಇನ್ನೊಂದು ಮಾತು. ಆ ಸಂಕ್ರಾಂತಿಯ ಹೊತ್ತಿಗೆ ಗುರುಬಸವ್ವನ ಒಲೆಯ ಮೇಲೂ ಎರಡನೆಯ ಗಡಿಗೆ ಏರಿತ್ತು. ಅವಳ ಮನೆ ಒಡೆಯಲಿಲ್ಲ. ಓಣಿಯಲ್ಲಿ ಅಂಥ ಗಡಿಗೆಗಳು ಇನ್ನೂ ಕೆಲವು ಏರಿದವು. ಒಂದು ಮನೆಯೂ ಒಡೆಯಲಿಲ್ಲ.

ನೀತಿ: ಜೊತೆಗಿರುವವರು ಹಿತವಾದ ಊಟ ಒಲ್ಲೆ ಎಂದರೆ ಜಗಳ ಬೇಡ, ಆದರೆ ಅವರಿಗಾಗಿ ನೀವು ಕಾಯುತ್ತ ಕೂರಲೂ ಬೇಡಿ. ಒಬ್ಬರಿಗಾಗಿ ಒಲೆ ಹಚ್ಚುವುದು ಸ್ವಾರ್ಥವಲ್ಲ. ತನ್ನ ಮೈಯನ್ನು ತಾನು ಉಳಿಸಿಕೊಂಡವರೇ ಮನೆಯನ್ನೂ ಉಳಿಸುತ್ತಾರೆ.