ನಾಲ್ಕು ಬೆರಳು ಎತ್ತರ

"ಗುರುಗಳೇ, ಹನ್ನೆರಡು ವರ್ಷದಿಂದ ನಿಮ್ಮ ಹಾಗೆಯೇ ಏಳುತ್ತೇನೆ, ನಿಮ್ಮ ಹಾಗೆಯೇ ಉಣ್ಣುತ್ತೇನೆ. ಒಂದು ನಿಯಮವನ್ನೂ ತಪ್ಪಿಸಿಲ್ಲ. ಆದರೂ ಮನಸ್ಸಿಗೆ ನೆಮ್ಮದಿಯಿಲ್ಲ. ಎಲ್ಲಿ ಕಡಿಮೆ ಬಿತ್ತು?" ಎಂದು ಶಿಷ್ಯನೊಬ್ಬ ಕೇಳಿದ.

ಗುರುಗಳು ಹೇಳಿದರು:

ಒಬ್ಬ ಬಡಗಿಯಿದ್ದ. ಅವನ ಮೇಸ್ತ್ರಿಯ ಬಳಿ ಕಾಲಿನಿಂದ ನಡೆಸುವ ಹಳೆಯ ಗರಗಸವಿತ್ತು. ಹಲಗೆಯನ್ನು ತುಳಿದರೆ ಚಕ್ರ ತಿರುಗುತ್ತಿತ್ತು, ಚಕ್ರ ತಿರುಗಿದರೆ ಗರಗಸ ಮೇಲೆ ಕೆಳಗೆ ಆಡುತ್ತಿತ್ತು. ಮೇಸ್ತ್ರಿ ಅದರಲ್ಲಿ ಕೊಯ್ದ ಮರದ ಅಂಚು ನೂಲು ಹಿಡಿದಂತಿರುತ್ತಿತ್ತು.

ಮೇಸ್ತ್ರಿ ತೀರಿಕೊಂಡ. ಗರಗಸವನ್ನು ಅವನ ಹೆಂಡತಿ ಯಾರಿಗೂ ಕೊಡಲಿಲ್ಲ. ಬಡಗಿ ಅಂಥದ್ದನ್ನು ತಾನೇ ಮಾಡಿಕೊಳ್ಳಲು ಹೊರಟ. ದಾರ ಹಿಡಿದು ಹಳೆಯದರ ಅಳತೆ ತೆಗೆದ. ಹಿತ್ತಲಲ್ಲಿ ಕುಲುಮೆ ಹೂಡಿದ, ಚಕ್ರವನ್ನು ಎರಕ ಹೊಯ್ದ, ಕಬ್ಬಿಣದ ಪಟ್ಟಿಗಳನ್ನು ಕಾಸಿ ಬಗ್ಗಿಸಿದ. ತೂತು ಕೊರೆಯುವ ಯಂತ್ರ ಇರಲಿಲ್ಲ. ಮೊದಲು ಅದನ್ನು ಮಾಡಿಕೊಂಡ. ತುಳಿಯುವ ಹಲಗೆ ಮಾತ್ರ ತನ್ನ ಕಾಲಿಗೆ ನಾಲ್ಕು ಬೆರಳು ಹೆಚ್ಚು ಎತ್ತರವೆನಿಸಿತು. ಇಳಿಸಬಹುದಿತ್ತು. ಮೇಸ್ತ್ರಿಯ ಅಳತೆ ತಿದ್ದಲು ತಾನು ಯಾರು ಎಂದು ಇಳಿಸಲಿಲ್ಲ.

ಮೊದಲ ವರ್ಷ ಸೊಂಟ ನೋಯಿತು. ವಿದ್ಯೆ ಒಲಿಯುತ್ತಿದೆ ಎಂದುಕೊಂಡ. ಎರಡನೆಯ ವರ್ಷ ಮೊಣಕಾಲು ಊದಿತು. ಇನ್ನೂ ಚೆನ್ನಾಗಿ ಒಲಿಯುತ್ತಿದೆ ಎಂದುಕೊಂಡ. ಮೂರನೆಯ ವರ್ಷ ಮೂಳೆ ಕಟ್ಟುವವನು, "ಹೀಗೇ ತುಳಿದರೆ ಈ ಕಾಲು ನಿನಗೆ ದಕ್ಕುವುದಿಲ್ಲ" ಎಂದ. ಕಾಲು ಹೋದರೆ ಕಸುಬೂ ಹೋದಂತೆ. ಬಡಗಿ ಹೆದರಿ ಮೇಸ್ತ್ರಿಯ ಹೆಂಡತಿಯ ಬಳಿಗೆ ಹೋದ.

"ಅಮ್ಮಾ, ಈ ನೋವನ್ನು ಅವರು ಹೇಗೆ ಸಹಿಸಿಕೊಂಡರು?"

"ಅವರಿಗೆಲ್ಲಿಯ ನೋವು? ಚಿಕ್ಕಂದಿನಲ್ಲಿ ದಿಮ್ಮಿ ಬಿದ್ದು ಒಂದು ಕಾಲು ಗಿಡ್ಡವಾಗಿತ್ತು. ಅದಕ್ಕೆ ಎಟುಕಲಿ ಅಂತ ಹಲಗೆ ಎತ್ತರಿಸಿಕೊಂಡಿದ್ದರು. ಹತ್ತು ವರ್ಷ ಜೊತೆಗಿದ್ದೆಯಲ್ಲೋ, ಅವರು ಕುಂಟುವುದು ಕಾಣಲಿಲ್ಲವೇ?"

"ಕಂಡಿತ್ತಮ್ಮಾ. ದೊಡ್ಡ ಕಸುಬುದಾರರ ಗತ್ತು ಅಂದುಕೊಂಡಿದ್ದೆ."

"ಗತ್ತಂತೆ! ಕಣ್ಣಿಗೇನು ಮರದ ಹೊಟ್ಟು ಬಿದ್ದಿತ್ತೇ?"

ಬಡಗಿ ಮನೆಗೆ ಬಂದು ಹಲಗೆಯನ್ನು ಇಳಿಸಿದ. ಅಷ್ಟರಲ್ಲಿ ಮೊಣಕಾಲು ಬಿಗಿದುಹೋಗಿತ್ತು. ಗರಗಸ ಸರಿಹೋಯಿತು, ಕಾಲು ಸರಿಹೋಗಲಿಲ್ಲ. ಮತ್ತೆ ಅವನು ಅದನ್ನು ತುಳಿಯಲಿಲ್ಲ.

ಕತೆ ಮುಗಿಯಿತು. ಶಿಷ್ಯ ನಕ್ಕ. "ಎಂಥ ದಡ್ಡ ಅವನು, ಗುರುಗಳೇ! ಒಂದು ಮಾತು ಮೊದಲೇ ಕೇಳಬಾರದಿತ್ತೇ?"

ಗುರುಗಳು ನಗಲಿಲ್ಲ.

"ನಾನು ಎಡಗಿವಿಯನ್ನು ಮುಂದೆ ಮಾಡಿ ಕೂರುವುದು ಬಲಗಿವಿ ಕೇಳಿಸದಿರುವುದರಿಂದ; ನೀನು ಯಾಕೆ ಹಾಗೆ ಕೂತಿದ್ದೀಯ?"