ಹೊಯಿಗೆಕೇರಿ ಕಡವಿನ ಸೋಮಕ್ಕ

ಬಹಳ ಹಿಂದೆ, ಹೊಳೆ ದಾಟಲು ದೋಣಿ ಬಿಟ್ಟರೆ ಬೇರೆ ದಾರಿಯೇ ಇಲ್ಲದ ಕಾಲದಲ್ಲಿ, ಹೊಯಿಗೆಕೇರಿ ಅಂತ ಒಂದು ಊರು. ಹೊಳೆ ಹೋಗಿ ಕಡಲು ಸೇರುವ ಅಳಿವೆಯ ಪಕ್ಕದ ಊರು. ಆ ಊರಿನ ಕಡವಿನಲ್ಲಿ ಜನರನ್ನು ದಾಟಿಸುತ್ತಿದ್ದವಳು ಅಂಬಿಗರ ಸೋಮಕ್ಕ. ಗಂಡ ಇರುವಷ್ಟು ದಿನ ಅವನು ದಾಟಿಸಿದ. ಅವನು ಜ್ವರದಲ್ಲಿ ಹೋದ ಮೇಲೆ ಇವಳು ದೋಣಿಯ ಗಳ ಹಿಡಿದಳು. ಹೆಂಗಸು ದೋಣಿ ನಡೆಸುವುದುಂಟೇ ಅಂತ ಮೂಗು ಮುರಿದವರೇ ಮಾರನೆಯ ದಿನ ಮೊದಲು ಬಂದು ಹತ್ತಿದರಂತೆ.

ಅವಳು ಏಳಾಳೆತ್ತರ ಇದ್ದಳು ಅಂತಾರೆ. ಮೊಸಳೆಗಳನ್ನು ಹೆಸರಿಟ್ಟು ಕರೆಯುತ್ತಿದ್ದಳು ಅಂತಾರೆ. ಹೇಳುವವರ ಬಾಯಿಗೆ ಬೀಗ ಎಲ್ಲಿ? ಕಣ್ಣಾರೆ ಕಂಡವರು ಹೇಳಿದ್ದು ಬೇರೆ. ಸೋಮಕ್ಕ ಕುಳ್ಳಗಿದ್ದಳು, ಮಾತು ಕಡಿಮೆ, ಎಲೆಯಡಿಕೆ ಜಾಸ್ತಿ.

ಹೀಗಿರುವಾಗ ಊರಿಗೆ ಒಬ್ಬ ಮೇಸ್ತ್ರಿ ಬಂದ. ಬಿಸಿಲಿರಲಿ ನೆರಳಿರಲಿ ಕರಿ ಕೊಡೆ ಬಿಚ್ಚಿಕೊಂಡೇ ತಿರುಗುತ್ತಿದ್ದ. ಜನ ಕೊಡೆಮೇಸ್ತ್ರಿ ಅಂದರು. ಕಡಲಾಚೆ ಒಂದು ದ್ವೀಪ ಇದೆ, ಅಲ್ಲಿ ಕಣ್ಣು ಹಾಯುವಷ್ಟು ದೂರ ಕಬ್ಬು, ಕಡಿಯಲು ಆಳಿಲ್ಲ, ಹೊಟ್ಟೆ ತುಂಬ ಅನ್ನ, ಎರಡು ವರ್ಷಕ್ಕೆ ವಾಪಸು ಅಂದ. ಬರುತ್ತೇನೆ ಅಂದವರಿಗೆ ಅಲ್ಲೇ ಹೊಸ ಬಟ್ಟೆ ಕೊಟ್ಟ. ಹಡಗು ಆಚೆ ದಡದ ಬಂದರಿನಲ್ಲಿ ನಿಂತಿತ್ತು.

ಮೊದಲ ಸಲ ಹೋದವರಲ್ಲಿ ಸೋಮಕ್ಕನ ತಮ್ಮ ಮಂಜನೂ ಇದ್ದ. ಅಕ್ಕನೇ ದಾಟಿಸಿದಳು. ಹೊಸ ಪಂಚೆ ನೆನೆಯದ ಹಾಗೆ ಮೊಣಕಾಲಿನ ಮೇಲಕ್ಕೆ ಎತ್ತಿ ಹಿಡಿದುಕೊಂಡು, ನಗುತ್ತ ದೋಣಿ ಇಳಿದು ಹೋದ.

ಎರಡು ವರ್ಷ ಆಯಿತು. ಮಂಜ ಬರಲಿಲ್ಲ. ಮೇಸ್ತ್ರಿ ಮಾತ್ರ ಸುಗ್ಗಿ ಮುಗಿದ ಕೂಡಲೇ ಬರುತ್ತಿದ್ದ, ಬೇರೆ ಬೇರೆ ಊರುಗಳಿಂದ ಜನರನ್ನು ಕರೆತರುತ್ತಿದ್ದ. ತಮ್ಮ ಹೇಗಿದ್ದಾನೆ ಅಂತ ಸೋಮಕ್ಕ ಕೇಳಿದರೆ, ಚೆನ್ನಾಗಿದ್ದಾನೆ, ಅಲ್ಲೇ ಮದುವೆಯಾದ, ಊರು ಮರೆತ ಅನ್ನುತ್ತಿದ್ದ. ಅವಳು ನಂಬಿದಳು. ನಂಬಿ ಮತ್ತೆ ದಾಟಿಸಿದಳು. ಹೋದವರನ್ನೂ ಬಂದವರನ್ನೂ ಬಲ್ಲವರು ಅಂಬಿಗರು. ಆ ಕಡವಿನಲ್ಲಿ ಹೋದವರೇ ಹೋದರು, ಬಂದವರಿಲ್ಲ.

ಆಮೇಲೊಂದು ದಿನ ಉಪ್ಪು ಹೇರಿಕೊಂಡು ಬಂದ ಮಂಜಿ ಎಂಬ ಹಾಯಿದೋಣಿಯಿಂದ ಒಬ್ಬ ಮನುಷ್ಯ ಇಳಿದ. ಎಲುಬಿಗೆ ಚರ್ಮ ಅಂಟಿತ್ತು. ಬಲಗೈಗೆ ಬೆರಳುಗಳೇ ಇಲ್ಲ. ಅವನು ಮಂಜನ ಜೊತೆಗೇ ಹೋಗಿದ್ದ ಬೀರ. ಸೋಮಕ್ಕ ಅವನಿಗೆ ಗಂಜಿ ಕೊಟ್ಟು ಎದುರಿಗೆ ಕೂತಳು. ಕೆಲಸ ಮುಗಿದ ಮೇಲೆ ಆಳುಗಳ ಮನೆಗಳಿಗೆ ಹೊರಗಿನಿಂದ ಅಗಳಿ ಹಾಕುತ್ತಾರೆ, ಬೆರಳುಗಳನ್ನು ಗಾಣ ಎಳೆದುಕೊಂಡಿತು, ಎರಡು ವರ್ಷ ಅನ್ನುವುದು ಎಂದೂ ಮುಗಿಯುವುದಿಲ್ಲ ಅಂತ ಅವನು ಹೇಳಿದ.

"ಮಂಜ?" ಅಂದಳು.

"ಅವನನ್ನ ಬೇರೆ ತೋಟಕ್ಕೆ ಮಾರಿದ್ರು ಅಕ್ಕ. ಆಮೇಲೆ ನಾ ಕಾಣಲಿಲ್ಲ."

ಬೀರ ಕೇರಿಯಲ್ಲೆಲ್ಲ ಹೇಳಿದ. ಕದ್ದು ಓಡಿಬಂದವನ ಮಾತು ಅಂತ ಮೇಸ್ತ್ರಿ ತಿರುಗಿಸಿ ಹೇಳಿದ. ಹಸಿದವರಿಗೆ ಬೀರನ ಬೆರಳಿಲ್ಲದ ಕೈಗಿಂತ ಮೇಸ್ತ್ರಿಯ ಅನ್ನವೇ ಹತ್ತಿರ ಕಂಡಿತು.

ಆ ವರ್ಷ ಮೇಸ್ತ್ರಿ ಘಟ್ಟದ ಮೇಲಿನವರನ್ನು ಕರೆತಂದ. ಗಂಡಸರು, ಹೆಂಗಸರು, ಎಲ್ಲರ ಮೈಮೇಲೂ ಹೊಸ ಬಟ್ಟೆ. ಹಿಂದೆ ಮುಂದೆ ದೊಣ್ಣೆ ಹಿಡಿದ ಇಬ್ಬರು ಆಳುಗಳು. ಸೋಮಕ್ಕ ಎಲ್ಲರನ್ನೂ ಹತ್ತಿಸಿಕೊಂಡಳು. ಬೆಳಗಿನ ಹೊತ್ತು. ಕಡಲಿನ ಭರತ ಮುಗಿದು ಇಳಿತ ಹಿಡಿದಿತ್ತು. ಹೊಳೆಯ ನಡುವಿಗೆ ಬರುವ ಮೊದಲೇ ಅವಳು ಗಳವನ್ನು ಬಲವಾಗಿ ಊರಿ ದೋಣಿಯನ್ನು ಮರಳಿನ ಹೊಯಿಗೆ ದಿಬ್ಬಕ್ಕೆ ಏರಿಸಿಬಿಟ್ಟಳು.

ಅವಳು ಹೊಳೆಗೆ ಆಣೆ ಹಾಕಿದಳು, ಹೊಳೆ ಬತ್ತಿತು ಅಂತಾರೆ. ಮೊಸಳೆ ಬಂದು ದೋಣಿಯ ತಳ ಕಚ್ಚಿ ಹಿಡಿಯಿತು ಅಂತಾರೆ. ಹೊಳೆ ದಿನಾ ಇಳಿಯುವ ಹಾಗೆ ಇಳಿಯಿತು. ಎಲ್ಲಿ ಇಳಿಯುತ್ತದೆ ಅಂತ ಅವಳಿಗೆ ಗೊತ್ತಿತ್ತು, ಅಷ್ಟೇ.

"ಎಂತಕ್ಕೆ ನಿಲ್ಸಿದೆ?" ಅಂದ ಮೇಸ್ತ್ರಿ.

"ನೀರಿಲ್ಲ ಒಡೆಯಾ."

"ಯಾವಾಗ ಬರ್ತದೆ?"

"ಸಂಜೆಗೆ."

ಆಳುಗಳು ಇಳಿದು ತಳ್ಳಿದರು. ಮೊಣಕಾಲವರೆಗೆ ಹೂತರೇ ಹೊರತು ದೋಣಿ ಅಲುಗಲಿಲ್ಲ. ಹಡಗಿನಿಂದ ಗಂಟೆ ಕೇಳಿಸಿತು. ಇಳಿತ ಜೋರಾಗುವುದರೊಳಗೆ ಹಡಗು ಅಳಿವೆ ದಾಟಬೇಕು, ಇಲ್ಲದಿದ್ದರೆ ಅದೂ ಮರಳಿಗೆ ಕೂರುತ್ತದೆ. ಮೇಸ್ತ್ರಿಗೆ ಈಗ ಅರ್ಥವಾಯಿತು. ಕೊಡೆ ಮಡಚಿ ಅದರ ಹಿಡಿಯಿಂದ ಸೋಮಕ್ಕನ ಭುಜಕ್ಕೆ ಹೊಡೆದ. ಅವಳು ಕುಸಿದು ಕೂತಳು. ಕೂತಲ್ಲಿಂದಲೇ ದೋಣಿಯವರಿಗೆ ಅಂದಳು:

"ನಾ ದಾಟಿಸಿದವರು ಯಾರೂ ತಿರುಗಿ ಈ ದೋಣಿ ಹತ್ತಲಿಲ್ಲ. ತಪ್ಪಿಸ್ಕೊಂಡು ಬಂದವ ಒಬ್ಬ, ಅವನಿಗೆ ಬೆರಳಿಲ್ಲ. ನನ್ನ ತಮ್ಮನ್ನೂ ನಾನೇ ದಾಟಿಸಿದ್ದೆ. ಅವ ಎಲ್ಲಿ ಅಂತ ಇವರನ್ನೇ ಕೇಳಿ."

ಕಂಕುಳಲ್ಲಿ ಕೂಸು ಇದ್ದ ಒಬ್ಬಳು ಮೇಸ್ತ್ರಿಯ ಮುಖ ನೋಡಿದಳು. "ಎಲ್ಲವ್ನೆ ಅಯ್ಯ, ಇವ್ರ ತಮ್ಮ?" ಅಂದಳು. ಮೇಸ್ತ್ರಿ, ಬಾಯಿ ಮುಚ್ಚು ಅಂದ. ಅದೊಂದು ಮಾತೇ ಸಾಕಾಯಿತು. ಅವಳು ಸೀರೆ ಎತ್ತಿ ಕಟ್ಟಿ ಕೆಸರಿಗೆ ಇಳಿದಳು. ಅವಳ ಹಿಂದೆ ಅವಳ ಗಂಡ. ಆಮೇಲೆ ಒಬ್ಬೊಬ್ಬರೇ. ಆಳುಗಳು ದೊಣ್ಣೆ ಎತ್ತಿದರು, ಆದರೆ ಇಬ್ಬರು ಎಷ್ಟು ಜನರನ್ನು ತಡೆದಾರು? ಬಂದ ದಡದ ಕಡೆ ನೀರು ಸೊಂಟದವರೆಗೆ ಮಾತ್ರ. ಎಲ್ಲರೂ ನಡೆದು ದಡ ಸೇರಿದರು. ಹಡಗು ಅವರನ್ನು ಬಿಟ್ಟು ಹೋಯಿತು.

ಸಂಜೆ ನೀರು ಏರಿತು. ಮೇಸ್ತ್ರಿಗೆ ಈಜು ಬಾರದು. ಅವನನ್ನು ಹೊಳೆಗೆ ಬಿಡು ಅಂತ ದಡದಿಂದ ಜನ ಕೂಗಿದರಂತೆ. ಸೋಮಕ್ಕ ಬಿಡಲಿಲ್ಲ. ದೋಣಿ ಹತ್ತಿದವರನ್ನು ದಡ ಮುಟ್ಟಿಸುವುದು ಅಂಬಿಗರ ಧರ್ಮ ಅಂತ, ಒಂದೇ ಕೈಯಲ್ಲಿ ಗಳ ಊರಿ ಅವನನ್ನೂ ಅವನ ಆಳುಗಳನ್ನೂ ಆಚೆ ದಡಕ್ಕೆ ಬಿಟ್ಟು ಬಂದಳು. ವಾರದೊಳಗೆ ಅವಳ ದೋಣಿ ಸುಟ್ಟು ಬೂದಿಯಾಯಿತು. ಯಾರು ಸುಟ್ಟರು ಅಂತ ಯಾರೂ ಕೇಳಲಿಲ್ಲ, ಎಲ್ಲರಿಗೂ ಗೊತ್ತಿತ್ತು.

ದೋಣಿ ಇಲ್ಲದ ಸೋಮಕ್ಕ ಏನು ಮಾಡಿದಳು? ಬೇರೆಯವರ ದೋಣಿಯಲ್ಲಿ ದಾಟಿ, ಬಂದರು ಪೇಟೆಯಲ್ಲಿದ್ದ ಮೇಸ್ತ್ರಿಯ ಮನೆ ಹುಡುಕಿ, ಜಗಲಿಯ ಮೇಲೆ ಹೋಗಿ ಕೂತಳು. ಬಂದು ಹೋಗುವವರ ಎದುರಿಗೆಲ್ಲ ಒಂದೇ ಮಾತು: "ನನ್ನ ತಮ್ಮ ಎಲ್ಲಿ?" ಬೈದರು, ನೀರು ಎರಚಿದರು. ಅವಳು ಏಳಲಿಲ್ಲ. ಅವಳನ್ನು ನೋಡಿ ಬೇರೆ ತಾಯಂದಿರು ಬಂದರು, ಹೆಂಡತಿಯರು ಬಂದರು. ಜಗಲಿ ತುಂಬಿ ಅಂಗಳ ತುಂಬಿತು. ಆ ಮನೆಯ ಮುಂದೆ ಹಾದು ಹಡಗು ಹತ್ತಲು ಯಾರಿಗೂ ಧೈರ್ಯ ಬರಲಿಲ್ಲ. ಕೊನೆಗೆ ಮೇಸ್ತ್ರಿಯೇ ಮನೆಗೆ ಬೀಗ ಹಾಕಿ ಊರು ಬಿಟ್ಟ.

ಮಂಜ ಮುದುಕನಾಗಿ ವಾಪಸು ಬಂದ, ಅಕ್ಕನ ಕಾಲು ಹಿಡಿದ ಅಂತ ಕೆಲವರು ಹೇಳುತ್ತಾರೆ. ಅದು ಹೇಳುವವರ ಆಸೆ. ಅವನು ಬರಲಿಲ್ಲ.

ಈಗ ಹೊಳೆಗೆ ಸೇತುವೆ ಆಗಿದೆ. ಏಜೆಂಟರು ಬೈಕಿನಲ್ಲಿ ಬರುತ್ತಾರೆ, ವಿಮಾನದಲ್ಲಿ ಕಳಿಸುತ್ತಾರೆ. ಹೊಯಿಗೆಕೇರಿಯಿಂದ ಈಗಲೂ ಜನ ದೂರದ ದೇಶಗಳಿಗೆ ದುಡಿಯಲು ಹೋಗುತ್ತಾರೆ. ಆದರೆ ಹೋದವರ ದನಿ ಒಂದು ತಿಂಗಳು ಕೇಳಿಸದಿದ್ದರೆ ಕೇರಿಯ ಹೆಂಗಸರು ಚಾಪೆ, ಬುತ್ತಿ, ಎಲೆಯಡಿಕೆ ಕಟ್ಟಿಕೊಂಡು ಕಳಿಸಿದವನ ಮನೆಗೆ ಹೋಗುತ್ತಾರೆ. ಕೂಗಾಡುವುದಿಲ್ಲ, ಕಲ್ಲು ಹೊಡೆಯುವುದಿಲ್ಲ. ಜಗಲಿಯ ಮೇಲೆ ಚಾಪೆ ಹಾಸುತ್ತಾರೆ. ಏನು ಬೇಕು ಅಂತ ಕೇಳಿದರೆ, ಸೋಮಕ್ಕನ ಹೆಸರಲ್ಲಿ ಕೂತಿದ್ದೇವೆ ಅನ್ನುತ್ತಾರೆ. ಹೋದವರ ದನಿ ಫೋನಿನಲ್ಲಿ ಕೇಳುವವರೆಗೆ ಏಳುವುದಿಲ್ಲ.